ಅಪ್ಪನ ಇಂಗ್ಲಿಷ್ ಬೈಗುಳ

ರಮಾಳನ್ನು ನಾನು ಮೊದಲ ಸಲ ಕಂಡ ದಿನ ಅವಳು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. ಸಿಂಗಪುರದ ಟ್ಯಾಂಪಿನೀಸಿನಲ್ಲಿ ಅವಳ ಮನೆಯಿದ್ದ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎಂಬ ಖಾಲಿ ನೆಲಮಹಡಿಯ ಕಂಬಗಳ ನಡುವೆ, ಪೇರಿಸಿಟ್ಟಿದ್ದ ಕೆಂಪು ಕುರ್ಚಿಗಳನ್ನು ಒಂದೊಂದಾಗಿ ಕಿತ್ತು ನೆಲಕ್ಕೆ ಕುಕ್ಕುತ್ತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಆಚೆ ಕಲ್ಲುಮೇಜಿನ ಮೇಲೆ ಚದುರಂಗ ಹೂಡಿದ್ದ ಇಬ್ಬರು ಚೀನೀ ಮುದುಕರು ಪ್ರತಿ ಸದ್ದಿಗೂ ತಲೆಯೆತ್ತಿ ನೋಡಿ, ಮತ್ತೆ ಆಟಕ್ಕೆ ಬಗ್ಗುತ್ತಿದ್ದರು.

ಪರಿಚಯ ಮಾಡಿಸಿದವರು ಅವಳ ಗಂಡ ಗೋಪಿನಾಥ್. ಚಾಂಗಿಯ ಬಳಿ ವಿಮಾನ ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ಎಂಜಿನಿಯರು, ಮೃದು ಮಾತಿನ ಮನುಷ್ಯ.

"ರಮಾ, ಇವರು ಮೈಸೂರಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ರಂತೆ. ರಿಟೈರ್ ಆಗಿ ಮಗಳ ಮನೆಗೆ ಬಂದಿದ್ದಾರೆ."

"ನಮಸ್ಕಾರ ಸಾರ್," ಎಂದಳು ರಮಾ. ಕೈಯಲ್ಲಿ ಇನ್ನೂ ಕುರ್ಚಿ ಇತ್ತು. "ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಬ್ಲಡಿ ಅಂತ ಬರೆಯೋವಾಗ ಡಕಾರಕ್ಕೆ ಒತ್ತು ಕೊಡಬೇಕೋ ಬೇಡವೋ?"

"ರಮಾ!"

"ಏನ್ರೀ ರಮಾ? ನಿಮ್ಮ ಸಂಘದ ಕಮಿಟಿ ಎರಡು ತಿಂಗಳಿಂದ ಇದನ್ನೇ ತಾನೇ ಡಿಸ್ಕಸ್ ಮಾಡ್ತಿರೋದು? ಇವತ್ತು ನನ್ನ ನಾಟಕದ ರಿಹರ್ಸಲ್ ಅಂತ ಹೇಳಿ, ನಿಮ್ಮನ್ನ ಬಿಟ್ರೆ ಕಮಿಟಿಯವರು ಒಬ್ರೂ ಬಂದಿಲ್ಲ. ಎಲ್ರೂ ಪ್ರೆಸಿಡೆಂಟ್ ದ್ವಾರಕನಾಥ್ ಅವರ ಕಾಂಡೋದಲ್ಲಿ ಕೂತು ಒತ್ತಕ್ಷರ ಎಣಿಸ್ತಿದ್ದಾರೆ. ಒಬ್ರು ಮೇಷ್ಟ್ರು ತಾವಾಗೇ ಸಿಕ್ಕಿದ್ದಾರೆ, ಕೇಳಿದ್ರೆ ತಪ್ಪಾ?"

ಗೋಪಿನಾಥ್ ನೆಲ ನೋಡಿದರು. ಆ ಕಮಿಟಿಯ ಕಾರ್ಯದರ್ಶಿ ಅವರೇ. ರಮಾ ಕುರ್ಚಿಯನ್ನು ಕುಕ್ಕಿದಳು.

ಆ ಸಿಟ್ಟಿನ ಬೇರು, ನನಗೆ ಆಮೇಲೆ ತಿಳಿದಂತೆ, ಮೈಸೂರಿನಲ್ಲಿತ್ತು. ಅವಳ ತಂದೆ ಶ್ರೀಕಂಠಯ್ಯನವರು ಅಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿ ಸೇರಿ, ಚಾರ್ಜ್‌ಮನ್ ಆಗಿ ನಿವೃತ್ತರಾದವರು. ಮೂಗಿನ ತುದಿಯಲ್ಲೇ ಕೋಪ. ಆದರೆ ಅವರ ತಾಯಿ, ಅಂದರೆ ರಮಾಳ ಅಜ್ಜಿ, ಮನೆಯಲ್ಲಿ ಒಂದು ಕಟ್ಟಳೆ ಮಾಡಿದ್ದರು. ದೇವರ ಮುಂದೆ ಸ್ತೋತ್ರ ಹೇಳುವ ಮಾತಿನಲ್ಲಿಯೇ ಮಕ್ಕಳನ್ನು ಬೈಯಕೂಡದು. ಕನ್ನಡದಲ್ಲಿ ಒಂದು ಕೆಟ್ಟ ಮಾತು ಹೊರಬಿದ್ದರೆ ಆಕೆ ಅಂದು ಊಟ ಬಿಡುತ್ತಿದ್ದರು. ಮಗನಿಗೆ ಕೋಪವನ್ನೂ ಬಿಡಲಾಗದು, ತಾಯಿಯನ್ನು ಉಪವಾಸ ಕೆಡವಲೂ ಆಗದು. ಹೀಗಾಗಿ ಶ್ರೀಕಂಠಯ್ಯನವರು ತಮಗೆ ಬೇಕಾದ ಬೈಗುಳವನ್ನೆಲ್ಲ ವರ್ಕ್‌ಶಾಪಿನ ಇಂಗ್ಲಿಷ್ ಫೋರ್‌ಮನ್ನನ ಬಾಯಿಂದ ಕಡ ತಂದರು. ಕಿವಿಯಿಂದ ಕಲಿತದ್ದು, ಕಾಗದದ ಮೇಲೆ ಎಂದೂ ನೋಡಿರಲಿಲ್ಲ. ಬ್ಲೆಡಿ ಫೂಲು, ಡ್ಯಾಮಿಟ್ಟು, ಗೋ ಟು ಹೆಲ್ಲು. ಇಷ್ಟೇ ಅವರ ಬಂಡವಾಳ.

ಅಜ್ಜಿ ಅದಕ್ಕೆ ಒಪ್ಪಿದರೂ ಇನ್ನೊಂದು ನಿಯಮ ಸೇರಿಸಿದರು. ವರ್ಕ್‌ಶಾಪಿನ ಬಟ್ಟೆಯನ್ನು ಹಿತ್ತಲಲ್ಲೇ ಕಳಚಿ ಒಳಗೆ ಬರುವಂತೆ, ವರ್ಕ್‌ಶಾಪಿನ ಮಾತನ್ನೂ ಹಿತ್ತಲಲ್ಲೇ ಬಿಟ್ಟು ಬರಬೇಕು. ಆದ್ದರಿಂದ ಶ್ರೀಕಂಠಯ್ಯನವರು ಮಕ್ಕಳನ್ನು ಇಂಗ್ಲಿಷಿನಲ್ಲಿ ಬೈದಾಗಲೆಲ್ಲ ಸೀದಾ ಹಿತ್ತಲಿಗೆ ಹೋಗಿ, ನಲ್ಲಿ ತಿರುಗಿಸಿ, ಬಾಯಿ ಮುಕ್ಕಳಿಸಿ, ಮುಖ ಒರೆಸಿಕೊಂಡು ಒಳಗೆ ಬರುತ್ತಿದ್ದರು. ಬಂದವರು ಬೇರೆಯೇ ಮನುಷ್ಯ. "ಊಟ ಆಯ್ತೇನಮ್ಮ?" ಎಂದು ಕೇಳುವರು. ತಾಯಿ ತೀರಿಕೊಂಡ ಮೇಲೂ ಈ ಪದ್ಧತಿ ಬಿಡಲಿಲ್ಲ. ಬಾಲ್ಯದಲ್ಲಿ ರಮಾಳಿಗೆ ಬೈಗುಳದ ಭಯವಿರಲಿಲ್ಲ. ನಲ್ಲಿಯ ನೀರಿನ ಸದ್ದು ತಡವಾದರೆ ಮಾತ್ರ ಭಯ. ಆ ಸದ್ದು ಕೇಳಿತೆಂದರೆ ಅಪ್ಪನ ಸಿಟ್ಟು ಚರಂಡಿ ಸೇರಿತು ಎಂದು ಅರ್ಥ.

ತಂದೆ ತೀರಿಕೊಂಡ ಸುದ್ದಿ ಬಂದಾಗ ಸಿಂಗಪುರದಿಂದ ಹೊರಟ ರಮಾ ಮೈಸೂರು ಮುಟ್ಟುವಷ್ಟರಲ್ಲಿ ದಹನ ಮುಗಿದಿತ್ತು. ವೈಕುಂಠ ಸಮಾರಾಧನೆಯ ದಿನ, ಊಟವಾದ ಮೇಲೆ, ಎಲೆ ಅಡಿಕೆ ಮೆಲ್ಲುತ್ತ ಕುಳಿತ ನೆಂಟರು ಅವರ ಬೈಗುಳದ ನಕಲು ಮಾಡತೊಡಗಿದರು. ಚಿಕ್ಕಪ್ಪನ ಮಗನೊಬ್ಬ ಎದ್ದು ನಿಂತು, ಹೊಟ್ಟೆ ಮುಂದೆ ಮಾಡಿ, "ಬ್ಲೆಡಿ ಫೂಲು!" ಎಂದ. ನಡುಮನೆಯೆಲ್ಲ ನಕ್ಕಿತು. "ಪಾಪ, ಒಳ್ಳೆಯವರೇ, ಬಾಯಿ ಒಂದು ಕೆಟ್ಟದು" ಎಂದರು ಯಾರೋ. ಹಿತ್ತಲಿನ ನಲ್ಲಿಯ ಮಾತನ್ನು ಒಬ್ಬರೂ ಎತ್ತಲಿಲ್ಲ. ಬಾಯಿ ಕೆಟ್ಟ ಮನುಷ್ಯ ಎಂಬ ಹೆಸರೊಂದೇ ಅಪ್ಪನ ಹಿಂದೆ ಉಳಿಯಿತಲ್ಲ ಎಂದು ರಮಾಳ ಮೈ ಉರಿದುಹೋಯಿತು. ಹದಿಮೂರನೆಯ ದಿನ ಜಗಳವಾಡಬಾರದೆಂದು ಹಲ್ಲು ಕಚ್ಚಿ ಸುಮ್ಮನಿದ್ದಳು.

ಸಿಂಗಪುರಕ್ಕೆ ಮರಳಿದವಳು, ಒಂದು ಪಾಲಿಟೆಕ್ನಿಕ್ಕಿನ ಕೆಮಿಸ್ಟ್ರಿ ಲ್ಯಾಬಿನ ಕೆಲಸ ಮುಗಿಸಿ ಬಂದು, ದಿನವೂ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತ ಕುಳಿತಳು. ಹಿಂದೆಂದೂ ನಾಟಕ ಬರೆದವಳಲ್ಲ. ನಾಟಕದಲ್ಲಿ ಇದ್ದದ್ದು ಇಷ್ಟೇ: ಮಗಳು ಅಪ್ಪನ ಸೈಕಲ್ಲನ್ನು ಬೀಗ ಹಾಕದೆ ಮಾರ್ಕೆಟ್ಟಿನಲ್ಲಿ ಬಿಟ್ಟು ಕಳೆದುಕೊಂಡು ಬರುತ್ತಾಳೆ, ಅಪ್ಪ ಬೈಯುತ್ತಾನೆ, ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬರುತ್ತಾನೆ, ಊಟ ಆಯಿತೇ ಎಂದು ಕೇಳುತ್ತಾನೆ. ಆಮೇಲೆ ಇಬ್ಬರೂ ಸೈಕಲ್ ಹುಡುಕಲು ಹೊರಡುತ್ತಾರೆ. ಅದನ್ನು ತೊಂಬತ್ತೈದರ ರಾಜ್ಯೋತ್ಸವದ ಕಾರ್ಯಕ್ರಮಕ್ಕೆಂದು ಕನ್ನಡಿಗರ ಸಂಘದ ಕಮಿಟಿಗೆ ಕೊಟ್ಟಳು.

ಕಮಿಟಿಯ ಅಧ್ಯಕ್ಷರು ದ್ವಾರಕನಾಥ್. ದೊಡ್ಡ ಬ್ಯಾಂಕೊಂದರಲ್ಲಿ ಅಧಿಕಾರಿ, ಹಿಂದೆ ಎರಡು ವರ್ಷ ಲಂಡನ್ನಿನಲ್ಲಿ ಇದ್ದವರು. ಆ ಎರಡು ವರ್ಷ ಅವರ ನಾಲಗೆಯಿಂದ ಇಳಿದೇ ಇರಲಿಲ್ಲ. ಅವರ ಬಲಗೈ ಬದರೀನಾಥ, ಯೂನಿವರ್ಸಿಟಿಯಲ್ಲಿ ಪಾಠ ಹೇಳುವವರು. ನಾಟಕ ಚೆನ್ನಾಗಿದೆ ಎಂದು ಇಬ್ಬರೂ ಒಪ್ಪಿದರು. ಅಪ್ಪನ ಪಾತ್ರವನ್ನು ತಾವೇ ಮಾಡುವುದಾಗಿ ದ್ವಾರಕನಾಥ್ ಹೇಳಿದರು. ಹೇಳಿ, ಕನ್ನಡಕ ಏರಿಸಿಕೊಂಡು, ಬರೆದದ್ದರ ಮೇಲೆ ಬೆರಳಿಟ್ಟರು.

"ರಮಾ ಅವರೇ, ಇಲ್ಲಿ ಬ್ಲೆಡಿ ಅಂತ ಬರೆದಿದ್ದೀರ. ಅದು ಬ್ಲೆಡಿ ಅಲ್ಲ, ಬ್ಲಡಿ. ಇಂಗ್ಲೆಂಡಲ್ಲಿ ಯಾರೂ ಬ್ಲೆಡಿ ಅನ್ನಲ್ಲ."

"ಸಾರ್, ಇದು ಇಂಗ್ಲೆಂಡ್ ಅಲ್ಲ. ಮೈಸೂರಿನ ಒಂಟಿಕೊಪ್ಪಲು."

"ಆದ್ರೂ ತಪ್ಪು ತಪ್ಪೇ ಅಲ್ವಾ? ಚೀಫ್ ಗೆಸ್ಟ್ ಬರ್ತಾರೆ. ಮಕ್ಕಳೆಲ್ಲ ಇಲ್ಲಿನ ಸ್ಕೂಲಲ್ಲಿ ಓದೋರು, ನಗ್ತಾರೆ."

"ಬ್ಲಡಿ ಅಂತ ಬರೆದ್ರೂ ಪೂರ್ತಿ ಸರಿಯಾಗಲ್ಲ," ಎಂದರು ಬದರೀನಾಥ. "ಅದರ ಅಕಾರ ಕನ್ನಡದ ಅಕಾರ ಅಲ್ಲ. ಡಕಾರವೂ ನಮ್ಮ ಡಕಾರ ಅಲ್ಲ, ನಾಲಗೆ ಮಡಿಸಬಾರದು. ಬ್ಲಡ್ಡಿ ಅಂತ ಒತ್ತು ಕೊಟ್ರೆ ಸ್ವಲ್ಪ ಹತ್ತಿರ ಬರತ್ತೆ."

"ಒತ್ತು ಕೊಟ್ರೆ ಪಂಜಾಬಿ ಆಗತ್ತೆ ಕಣಯ್ಯ ಬದರಿ. ಅದು ಬಿಡು, ಈ ಡ್ಯಾಮಿಟ್ಟು ನೋಡು. ಡ್ಯಾಮ್ ಅಂದ್ರೆ ಏನು? ಕನ್ನಂಬಾಡಿ ಕಟ್ಟೆ! ಈ ಯಜಮಾನ ಮಗಳಿಗೆ ಕಟ್ಟೆ ಕಟ್ಟು ಅಂತಾನೇನು?"

ಎಲ್ಲರೂ ನಕ್ಕರು. ಗೋಪಿನಾಥ್ ಕೂಡ ನಕ್ಕರು. ರಮಾ ಗಂಡನನ್ನು ನೋಡಿದ ನೋಟಕ್ಕೆ ಅವರ ನಗು ಅರ್ಧಕ್ಕೇ ನಿಂತಿತು.

"ಬೈಗುಳದ ಡ್ಯಾಮ್ ಸ್ಪೆಲ್ಲಿಂಗಲ್ಲಿ ಕೊನೆಗೊಂದು ನಕಾರ ಇದೆ," ಎಂದು ಬದರೀನಾಥ ಮುಂದುವರಿಸಿದರು. "ಬರೆಯೋದು ಹೌದು, ಉಚ್ಚಾರ ಇಲ್ಲ. ಕನ್ನಡದಲ್ಲಿ ಬರೆಯೋವಾಗ ಅದನ್ನ ತೋರಿಸ್ಬೇಕಾ ಬೇಡ್ವಾ ಅನ್ನೋದು ಇಂಟರೆಸ್ಟಿಂಗ್ ಪ್ರಶ್ನೆ."

ಆ ಇಂಟರೆಸ್ಟಿಂಗ್ ಪ್ರಶ್ನೆ ಆಗಸ್ಟ್ ಕಳೆದರೂ ಮುಗಿಯಲಿಲ್ಲ. ಕಮಿಟಿ ಸೇರಿದಾಗಲೆಲ್ಲ ಅದೇ. ಒಬ್ಬರು ಡಿಕ್ಷನರಿ ತಂದರು, ಇನ್ನೊಬ್ಬರು ಅದಕ್ಕಿಂತ ದಪ್ಪ ಡಿಕ್ಷನರಿ ತಂದರು. ಹೆಲ್ಲಿಗೆ ಲಕಾರ ಒಂದು ಸಾಕೆಂದು ಒಬ್ಬರು, ಸಾಲದೆಂದು ಇನ್ನೊಬ್ಬರು. ದೊಡ್ಡ ದೊಡ್ಡ ಹುದ್ದೆಯ ಗಂಡಸರು ಚಕ್ಕುಲಿ ಕಡಿಯುತ್ತ, ಮನೆಯ ಹೆಂಗಸರ ಎದುರಿಗೆ ಎಂದೂ ಆಡದ ಮಾತುಗಳನ್ನು ಸ್ಪಷ್ಟವಾಗಿ, ಬಿಡಿಸಿ ಬಿಡಿಸಿ ಉಚ್ಚರಿಸುತ್ತಿದ್ದರು. ಒಂದು ದಿನ ಬದರೀನಾಥ, "ಅಲ್ಲ ಮೇಡಂ, ಲೇಡೀಸ್ ಆಗಿ ಇಂಥ ಪದ ಎಲ್ಲಾ ಹೇಗೆ ಬರೆದ್ರಿ?" ಎಂದು ಕೇಳಿಯೂಬಿಟ್ಟರು.

"ಲೇಡೀಸನ್ನೂ ಅಪ್ಪಂದಿರು ಬೈತಾರೆ ಸಾರ್," ಎಂದಳು ರಮಾ.

ಮಗಳ ಪಾತ್ರಕ್ಕೆ ಬಂದಿದ್ದವಳು ನಿಶ್ಚಿತಾ, ಜೂನಿಯರ್ ಕಾಲೇಜಿನ ಹುಡುಗಿ, ಬೆಳೆದದ್ದೆಲ್ಲ ಸಿಂಗಪುರದಲ್ಲೇ. ಅವಳೊಬ್ಬಳು ತಾಲೀಮಿಗೆ ತಪ್ಪದೆ ಬರುತ್ತಿದ್ದಳು. "ಅಂಕಲ್, ಯಾವ ಥರ ಹೇಳಿದ್ರೂ ಓಕೆ ಲಾ," ಎಂದು ಅವಳು ಸಿಂಗಪುರದವರ ಧಾಟಿಯಲ್ಲಿ ದ್ವಾರಕನಾಥರಿಗೆ ಒಮ್ಮೆ ಹೇಳಿ ನೋಡಿದಳು. "ನಮ್ಮ ಸ್ಕೂಲಲ್ಲಿ ಇದನ್ನ ಯಾರೂ ಬೈಗುಳ ಅಂತಾನೇ ಕೌಂಟ್ ಮಾಡಲ್ಲ." ದ್ವಾರಕನಾಥರಿಗೆ ಅದು ರುಚಿಸಲಿಲ್ಲ.

ವಾಯ್ಡ್ ಡೆಕ್ಕಿನಲ್ಲಿ ಕುರ್ಚಿ ಕುಕ್ಕಿದ ಆ ಭಾನುವಾರದ ಸಂಜೆ ಕಮಿಟಿಯ ತೀರ್ಮಾನ, ತಡವಾಗಿ ಕಾಂಡೋಗೆ ಹೋಗಿ ಬಂದ ಗೋಪಿನಾಥರ ಕೈಯಲ್ಲೇ ಮನೆಗೆ ಬಂತು. ಟೈಪ್ ಮಾಡಿಸಿದ ನಾಟಕದ ಹೊಸ ಪ್ರತಿ. ಬ್ಲೆಡಿ ಬ್ಲಡಿಯಾಗಿತ್ತು, ಡ್ಯಾಮಿಟ್ಟು ಡ್ಯಾಮ್ ಇಟ್ ಆಗಿತ್ತು. ಬದರೀನಾಥರ ಒತ್ತು ಬಿದ್ದುಹೋಗಿತ್ತು. ರಮಾ ಹಾಳೆ ಮಗುಚುತ್ತ ಹೋದಳು. ಬೈಗುಳ ಮುಗಿದ ಸಾಲಿನ ಕೆಳಗೆ ನೇರವಾಗಿ "ಊಟ ಆಯ್ತೇನಮ್ಮ?" ಎಂದಿತ್ತು.

"ಹಿತ್ತಲು ಎಲ್ಲಿ?"

"ಯಾವ ಹಿತ್ತಲು?" ಎಂದರು ಗೋಪಿನಾಥ್, ಗೊತ್ತಿದ್ದೂ.

"ಅಪ್ಪ ಬಾಯಿ ಮುಕ್ಕಳಿಸೋದು ಎಲ್ಲಿ ಹೋಯ್ತು?"

"ಅದು ಕಟ್ ಮಾಡಿದ್ರು ರಮಾ. ಡೈಲಾಗ್ ಇಲ್ವಲ್ಲ ಅಲ್ಲಿ. ಸ್ಟೇಜ್ ಒದ್ದೆ ಮಾಡ್ಬಾರ್ದು ಅಂತ ಹಾಲಿನವರ ರೂಲ್ಸು ಬೇರೆ. ಚೀಫ್ ಗೆಸ್ಟ್ ಮುಂದೆ ಉಗುಳೋದು ಹೇಗೆ ಅಂತಾನೂ ಬಂತು. ಈ ಊರಲ್ಲಿ ಉಗುಳಿದ್ರೆ ಫೈನ್ ಹಾಕ್ತಾರೆ, ಸ್ಟೇಜ್ ಮೇಲೇ ಉಗುಳಿಸ್ತೀರಾ ಅಂತ ಬದರಿ ಜೋಕ್ ಮಾಡಿದ್ರು."

"ನೀವು ಏನಂದ್ರಿ?"

ಗೋಪಿನಾಥ್ ಹಾಳೆಗಳನ್ನು ಜೋಡಿಸಿಡಲು ಕೈ ಚಾಚಿದರು.

"ಎರಡು ತಿಂಗಳು ನಕಾರ ಬೇಕೋ ಬೇಡವೋ ಅಂತ ಹೊಡೆದಾಡಿದ್ರಿ. ಇದನ್ನ ಕಿತ್ತು ಹಾಕೋಕೆ ಎಷ್ಟು ಹೊತ್ತು ಬೇಕಾಯ್ತು? ಕಾಫಿ ಕುಡಿಯೋಷ್ಟು? ನಮ್ಮಪ್ಪನ ಬಾಯಿ ಕೆಟ್ಟದಲ್ಲ ಅಂತ ಹೇಳೋಕೇ ಈ ನಾಟಕ ಬರೆದದ್ದು. ನೀರು ತೆಗೆದ್ರೆ ಉಳಿಯೋದು ಬರೀ ಬೈಗುಳ. ಅದಕ್ಕೆ ನಾನೇ ಬೇಕಾಗಿತ್ತಾ? ನಮ್ಮ ಚಿಕ್ಕಪ್ಪನ ಮಗ ಸಾಕಾಗಿತ್ತು!"

ಮರುದಿನ ಅವಳೇ ದ್ವಾರಕನಾಥರಿಗೆ ಫೋನ್ ಮಾಡಿದಳು. ನಿಮ್ಮ ಬ್ಲಡಿಯನ್ನು ನಿಮಗೆ ಬೇಕಾದ ಹಾಗೆ ಹೇಳಿಕೊಳ್ಳಿ, ಎಷ್ಟು ಬೇಕಾದರೂ ತಿದ್ದಿ, ನಾನು ತುಟಿ ಬಿಚ್ಚುವುದಿಲ್ಲ. ನೀರು ಮಾತ್ರ ಇರಬೇಕು, ಇಲ್ಲದಿದ್ದರೆ ನಾಟಕ ಹಿಂದಕ್ಕೆ ಕೊಡಿ ಎಂದಳು. ಕಾರ್ಯಕ್ರಮದ ಪಟ್ಟಿ ಆಗಲೇ ಅಚ್ಚಿಗೆ ಹೋಗಿತ್ತು. ಕೊನೆಗೆ ಒಂದು ರಾಜಿಯಾಯಿತು. ಬೈದು ಮುಗಿಸಿದ ದ್ವಾರಕನಾಥ್ ಎಡಗಡೆಯ ಪರದೆಯ ಹಿಂದಕ್ಕೆ ಹೋಗಬೇಕು; ಅಲ್ಲಿ ರಮಾ ಚೊಂಬಿನಿಂದ ಬಕೆಟ್ಟಿಗೆ ನೀರು ಸುರಿಯಬೇಕು; ಸಭೆಗೆ ಸದ್ದು ಕೇಳಿದರೆ ಸಾಕು. ದ್ವಾರಕನಾಥ್ ಟವೆಲಿನಿಂದ ಬಾಯಿ ಒರೆಸಿಕೊಂಡು ಮತ್ತೆ ಬರಬೇಕು. "ಪ್ರಾಮಿಸ್," ಎಂದರು ಅವರು. ತಾಲೀಮಿನಲ್ಲಿ ಹಾಗೇ ಮಾಡಿದರು ಕೂಡ.

ರಾಜ್ಯೋತ್ಸವದ ದಿನ ಸಭಾಂಗಣ ತುಂಬಿತ್ತು. ಜೂರಾಂಗಿನಿಂದ, ಬುಕಿತ್ ಪಂಜಾಂಗಿನಿಂದಲೂ ಸಂಸಾರಗಳು ಬಂದಿದ್ದವು. ಮುಂದಿನ ಸಾಲಿನಲ್ಲಿ ಹಾರ ಹಾಕಿಸಿಕೊಂಡ ಮುಖ್ಯ ಅತಿಥಿ. ನಿಶ್ಚಿತಾ ಸೈಕಲ್ ಕಳೆದುಕೊಂಡು ಬಂದು ತಲೆ ತಗ್ಗಿಸಿ ನಿಂತಳು. ದ್ವಾರಕನಾಥ್ ಎದೆಯುಬ್ಬಿಸಿ ಗರ್ಜಿಸಿದರು.

"ಯು ಬ್ಲಡಿ ಫೂಲ್! ಡ್ಯಾಮ್ ಇಟ್! ಗೋ ಟು ಹೆಲ್!"

ಉಚ್ಚಾರವೇನೋ ಲಂಡನ್ನಿನಂತೆಯೇ ಇತ್ತು. ಸಭೆ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಹೋ ಎಂದು ನಕ್ಕಿತು. ಹುಡುಗರು ಶಿಳ್ಳೆ ಹಾಕಿದರು. ಚಪ್ಪಾಳೆ ಬಿತ್ತು. ಎಡಗಡೆಯ ಪರದೆಯ ಹಿಂದೆ ರಮಾ ಚೊಂಬನ್ನು ಎತ್ತಿ ಹಿಡಿದು ಕಾಯುತ್ತಿದ್ದಳು. ಪಕ್ಕದಲ್ಲೇ ಟವೆಲು ಹಿಡಿದ ಗೋಪಿನಾಥ್. ದ್ವಾರಕನಾಥ್ ಅತ್ತ ಒಂದು ಹೆಜ್ಜೆ ಇಟ್ಟವರು ಚಪ್ಪಾಳೆ ಕೇಳಿ ನಿಂತರು. ಸಭೆಯ ಕಡೆ ತಿರುಗಿದರು. ಕಾಗದದ ಮೇಲೆ ಇಲ್ಲದೇ ಇದ್ದರೂ ಇನ್ನೊಂದು ಸಲ, "ಬ್ಲಡಿ ಫೂಲ್!" ಎಂದರು. ಇನ್ನಷ್ಟು ಚಪ್ಪಾಳೆ. ಆ ಸುಖದಲ್ಲಿ ಹಿತ್ತಲು ಮರೆತೇಹೋಯಿತೋ, ಬೇಡವೆನಿಸಿತೋ, ನಿಂತಲ್ಲಿಂದಲೇ ಮಗಳ ಕಡೆ ಕೈಯೆತ್ತಿ, "ಊಟ ಆಯ್ತೇನಮ್ಮ?" ಎಂದುಬಿಟ್ಟರು. ಅದಕ್ಕೆ ಬಿದ್ದ ನಗು ಎಲ್ಲಕ್ಕಿಂತ ದೊಡ್ಡದು. ಅಪ್ಪ ಶುದ್ಧ ಕೋಡಂಗಿಯಾಗಿ ನಿಂತಿದ್ದ.

ರಮಾಳಿಗೆ ಮೈಸೂರಿನ ನಡುಮನೆಯ ನಗುವೇ ಮತ್ತೆ ಕೇಳಿಸಿತು. ಆ ಸಲ ಹಲ್ಲು ಕಚ್ಚಿ ಕೂತಿದ್ದಳು. ಈ ಸಲ ಕೂರಲಿಲ್ಲ.

"ರಮಾ, ಬೇಡ," ಎಂದರು ಗೋಪಿನಾಥ್, ತೋಳು ಹಿಡಿದು. ಅವಳು ತೋಳು ಬಿಡಿಸಿಕೊಂಡು ಚೊಂಬಿನ ಸಮೇತ ರಂಗದ ಮೇಲೆ ನಡೆದಳು. ವೇಷವಿಲ್ಲ, ಬಣ್ಣವಿಲ್ಲ, ಬೆಳಗಿನಿಂದ ಓಡಾಡಿ ಮುದುಡಿದ ಸೀರೆ. ಸಭೆ ಅವಳನ್ನು ಮನೆಯೊಡತಿಯ ಪಾತ್ರವೆಂದೇ ತಿಳಿದಿರಬೇಕು. ದ್ವಾರಕನಾಥರ ಮುಂದೆ ನಿಂತು ಚೊಂಬು ಚಾಚಿದಳು.

"ಮೊದಲು ಬಾಯಿ ಮುಕ್ಕಳಿಸಿಕೊಳ್ಳಿ. ಆಮೇಲೆ ಮಗಳನ್ನ ಮಾತಾಡಿಸಿ."

ದ್ವಾರಕನಾಥರ ಮುಖದಲ್ಲಿ ಬಣ್ಣದ ಕೆಳಗೂ ಬಣ್ಣ ಬದಲಾದದ್ದು ಕಾಣುತ್ತಿತ್ತು. ಕೈ ತಾನಾಗಿ ಮುಂದೆ ಬಂತು. ಚೊಂಬು ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡರು. ಕೆನ್ನೆಗಳು ಉಬ್ಬಿದವು. ಮುಂದೆ ನೋಡಿದರೆ ಮುಖ್ಯ ಅತಿಥಿ, ಕೆಳಗೆ ನೋಡಿದರೆ ಹೊಳೆಯುವ ಮರದ ನೆಲ. ಬಕೆಟ್ಟು ಪರದೆಯ ಹಿಂದೆ ಉಳಿದಿತ್ತು. ಅವರು ಕಣ್ಣು ಮುಚ್ಚಿ, ಆ ನೀರನ್ನು ನುಂಗಿಬಿಟ್ಟರು.

"ಅಪ್ಪ," ಎಂದಳು ನಿಶ್ಚಿತಾ, ನಿಂತಲ್ಲಿಂದಲೇ. "ಅದನ್ನ ನುಂಗಬಾರದಾಗಿತ್ತು."

ಸಭಾಂಗಣ ಬಿರಿಯುವಂತೆ ನಕ್ಕಿತು. ಹಿಂದಿನ ಸಾಲುಗಳಲ್ಲಿ ಕುಳಿತ, ಹಳೆಯ ಮನೆಗಳನ್ನು ಕಂಡ ಕೆಲವರು ಮಾತ್ರ ನಗಲಿಲ್ಲ. ಪರದೆ ಬಿತ್ತು. ಅಪ್ಪ ಮಗಳು ಸೈಕಲ್ ಹುಡುಕಲು ಹೋಗುವ ಭಾಗವನ್ನು ಯಾರೂ ನೋಡಲಿಲ್ಲ.

"ಯು ಹ್ಯುಮಿಲಿಯೇಟೆಡ್ ಮಿ!" ಎಂದರು ದ್ವಾರಕನಾಥ್, ಬಣ್ಣದ ಮನೆಯಲ್ಲಿ. "ಅಷ್ಟು ಜನರ ಮುಂದೆ!"

"ನಾನು ನಿಮಗೆ ನೀರು ಕೊಟ್ಟೆ ಸಾರ್. ಅವಮಾನ ಆಗಿದ್ದು ನಮ್ಮಪ್ಪನಿಗೆ. ಪ್ರಾಮಿಸ್ ಅಂದಿದ್ರಿ."

"ಅದು ಡ್ರಾಮಾ ರೀ! ಫ್ಲೋನಲ್ಲಿ ಹೋಗ್ಬಿಡತ್ತೆ!"

"ನಿಮಗೆ ಡ್ರಾಮಾ," ಎಂದು ರಮಾ ಚೊಂಬನ್ನು ಸೆರಗಿನಲ್ಲಿ ಒರೆಸಿ ಚೀಲದಲ್ಲಿಟ್ಟುಕೊಂಡಳು.

ಮನೆಗೆ ಹೋಗುವಾಗ ರೈಲಿನಲ್ಲಿ ಗಂಡ ಹೆಂಡತಿ ಪಕ್ಕಪಕ್ಕ ಕುಳಿತಿದ್ದರು. "ನೀನು ಮಾಡಿದ್ದು ಸರಿಯಲ್ಲ," ಎಂದರು ಗೋಪಿನಾಥ್.

"ನೀವೂ ಅಲ್ಲೇ ನಿಂತಿದ್ರಿ. ಅವರು ಬರಲ್ಲ ಅಂತ ನಿಮಗೂ ಗೊತ್ತಾಯ್ತು. ನನ್ನ ಕೈ ಹಿಡಿದ್ರಿ. ಅವರನ್ನ ಒಂದು ಸಲ ಕೂಗಿದ್ರಾ?"

ಗೋಪಿನಾಥ್ ಬೆಡೋಕಿನಿಂದ ಟ್ಯಾಂಪಿನೀಸಿನವರೆಗೆ ಕಿಟಕಿಯ ಗಾಜು ನೋಡುತ್ತ ಕುಳಿತರು.

ಮುಂದಿನ ತಿಂಗಳ ಸ್ಮರಣಸಂಚಿಕೆಯಲ್ಲಿ ನಾಟಕದ ಫೋಟೋ ಬಂತು. ಕೆನ್ನೆ ಉಬ್ಬಿಸಿಕೊಂಡ ದ್ವಾರಕನಾಥ್. ಕೆಳಗೆ, "ನಕ್ಕು ನಲಿಸಿದ ಹಾಸ್ಯ ನಾಟಕ" ಎಂದಿತ್ತು. ಬರೆದವರು ಎಂಬಲ್ಲಿ ನಾಟಕ ಸಮಿತಿ. ರಮಾ ಅದನ್ನು ಓದಿ, ಹಾಳೆ ಹರಿಯಲಿಲ್ಲ, ಎಸೆಯಲಿಲ್ಲ. ಗೋಪಿನಾಥರ ತಟ್ಟೆಯ ಪಕ್ಕ ತೆರೆದಿಟ್ಟು ಲ್ಯಾಬಿಗೆ ಹೋದಳು. ಸಂಜೆ ಬಂದಾಗ ಅವರು ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಬರೆದು ಮುಗಿಸಿದ್ದರು. ರಮಾಳಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. "ಈಗ ಬರೆದ್ರಾ?" ಎಂದಷ್ಟೇ ಕೇಳಿ ಅಕ್ಕಿ ತೊಳೆಯಲು ಹೋದಳು.

ಸಂಘದ ಕಡೆಯಿಂದ ಅವಳಿಗೆ ಮತ್ತೆ ಕರೆ ಬರಲಿಲ್ಲ. ಬಂದದ್ದು ಚೋವಾ ಚು ಕಾಂಗ್‌ನಲ್ಲಿದ್ದ ಅರುಂಧತಿ ಎಂಬ ಹೆಂಗಸಿನಿಂದ. ಅಂದು ಹಿಂದಿನ ಸಾಲಿನಲ್ಲಿ ನಗದೆ ಕುಳಿತವರಲ್ಲಿ ಆಕೆಯೂ ಒಬ್ಬಳು. "ನಿಮ್ಮ ನಾಟಕದ ಕೊನೆ ನೋಡೋಕಾಗ್ಲಿಲ್ಲ. ನಮ್ಮನೇಲಿ ಒಂದ್ಸಲ ಪೂರ್ತಿ ಮಾಡಿ ತೋರಿಸ್ತೀರಾ?" ಎಂದು ಕೇಳಿದಳು. ಆಕೆಯ ಮನೆಯ ಸೋಫಾವನ್ನು ಹೊರಗಿನ ಮೆಟ್ಟಿಲ ಬಳಿಗೆ ಸಾಗಿಸಿ, ಹಾಲಿನಲ್ಲೇ ನಾಟಕವಾಡಿದರು. ಅಪ್ಪನ ಪಾತ್ರ ರಮಾಳದೇ. ಅಂದು ಅಪ್ಪ ಮಗಳು ಸೈಕಲ್ ಹುಡುಕಲು ಹೊರಡುವವರೆಗೂ ಯಾರೂ ಎದ್ದು ಹೋಗಲಿಲ್ಲ. ಗೋಪಿನಾಥ್ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, ಆಮೇಲೆ ಎಲ್ಲರಿಗೂ ಕಾಫಿ ಬೆರೆಸಿ ಕೊಟ್ಟರು.

ಈಗ ಅದಾಗಿ ನಾಲ್ಕು ವರ್ಷ. ರಮಾಳ ಕಿವಿಯ ಬಳಿ ಬಿಳಿಗೂದಲು ಬಂದಿದೆ. ಸಿಟ್ಟು ಹಾಗೇ ಇದೆ. ಶನಿವಾರವೆಂದರೆ ಜೂರಾಂಗ್ ಈಸ್ಟಿನಲ್ಲಿ ರೈಲು ಬದಲಿಸಿ ಅರುಂಧತಿಯ ಮನೆಗೆ ಹೋಗುತ್ತಾಳೆ. ನಿಶ್ಚಿತಾ ಯೂನಿವರ್ಸಿಟಿಯಿಂದ ನೇರ ಅಲ್ಲಿಗೇ ಬರುತ್ತಾಳೆ. ಈ ಸಲ ರಮಾ ಬರೆಯುತ್ತಿರುವುದು ತನ್ನ ತಾಯಿಯ ಮೇಲೆ. ಜೀವಮಾನವೆಲ್ಲ ಯಾರನ್ನೂ ಯಾವ ಭಾಷೆಯಲ್ಲಿಯೂ ಬೈಯದೆ ಇದ್ದ ಆ ಹೆಂಗಸಿಗೆ ಒಮ್ಮೆಯಾದರೂ ಕೋಪ ಬಂದಿರಬೇಕಲ್ಲ ಎಂಬುದು ಅವಳ ಹಟ. ಬಂದಿರಲಾರದು ಎಂದು ಅರುಂಧತಿಯ ವಾದ. ಸಂಘದ ಹೊಸ ಅಧ್ಯಕ್ಷರು ಮೊನ್ನೆ ಫೋನ್ ಮಾಡಿ, ಹೊಸ ನಾಟಕ ನಮಗೆ ಕೊಡಿ ಮೇಡಂ, ಸಣ್ಣಪುಟ್ಟದ್ದು ನಾವು ನೋಡ್ಕೋತೀವಿ ಎಂದರಂತೆ. ಸಣ್ಣಪುಟ್ಟದ್ದನ್ನೆಲ್ಲ ನಾನೇ ನೋಡಿಕೊಳ್ಳುವುದಾದರೆ ಕೊಡುತ್ತೇನೆ ಎಂದು ಇವಳು ಹೇಳಿದ್ದಾಳೆ. ಉತ್ತರ ಬಂದಿಲ್ಲ. ಅವಳೂ ಕಾಯುತ್ತಿಲ್ಲ, ಈ ಶನಿವಾರ ಎರಡನೆಯ ಅಂಕದ ತಾಲೀಮಿದೆ, ತಾಯಿಯ ಪಾತ್ರದವಳು ಇನ್ನೂ ಮಾತು ಬಾಯಿಪಾಠ ಮಾಡಿಲ್ಲವೆಂದು ಬೆಳಗಿನಿಂದ ಫೋನಿನಲ್ಲಿ ಕೂಗಾಡುತ್ತಿದ್ದಾಳೆ.